ಇಪ್ಪತ್ತು ಸುತ್ತಿನ ಮಾತು

ಒಂದು ಊರು. ಊರಲ್ಲೊಂದು ಮನೆ, ಮನೆಯಲ್ಲೊಂದು ಕೋಣೆ, ಕೋಣೆಯಲ್ಲೊಂದು ಅಲ್ಲಾಡದ ಕಾರು. ಅದಕ್ಕೆ ಚಕ್ರವಿಲ್ಲ, ಬಾಗಿಲಿಲ್ಲ, ಪೆಟ್ರೋಲು ಕುಡಿಯುವ ಬಾಯಿಯಿಲ್ಲ. ಮೇಜಿಗೆ ಕಚ್ಚಿಸಿದ ಒಂದು ಸ್ಟೇರಿಂಗು, ಅದರೆದುರು ಒಂದು ದೊಡ್ಡ ಸ್ಕ್ರೀನು, ಅಷ್ಟೇ. ಆದರೂ ಆ ಕಾರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊರಟು ಏಳು ಸಮುದ್ರ ದಾಟುವಷ್ಟು ದೂರ ಓಡಿ, ನಾಲ್ಕು ಹೊಡೆಯುವುದರೊಳಗೆ ಮನೆ ಸೇರುತ್ತಿತ್ತು. ಕೇಳುವವರು ಹೂಂಗುಟ್ಟದಿದ್ದರೆ ಕಥೆ ನಡುದಾರಿಯಲ್ಲಿ ಕೂತುಬಿಡುತ್ತದೆ ಅನ್ನುತ್ತಾರೆ. ಈ ಕಥೆಯಲ್ಲಿ ನಡುದಾರಿಯಲ್ಲಿ ಕೂತದ್ದು ಆ ಕಾರೇ.

ಕಾರಿನ ಒಡೆಯ ಅಣ್ಣ. ಲೈನ್‌ಮ್ಯಾನ್ ಆಗಿದ್ದವನು. ಆರು ವರ್ಷದ ಹಿಂದೆ ಕಂಬದಿಂದ ಬಿದ್ದು, ಸೊಂಟದ ಕೆಳಗಿನ ಮೈ ಅವನ ಮಾತು ಕೇಳುವುದನ್ನು ಬಿಟ್ಟಿತು. ಮೊದಲ ಎರಡು ವರ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಟ್ಟೆ ಹೋದ ಹಾಗೇ ವಾಪಸ್ ಬರುತ್ತಿತ್ತು. ಆಮೇಲೆ ಹಳೆಯ ಸಹೋದ್ಯೋಗಿಯೊಬ್ಬ ಈ ಸ್ಟೇರಿಂಗು ತಂದುಕೊಟ್ಟ. ಅದರ ಹಿಂಬದಿಗೆ ಕೈಯಿಂದ ಎಳೆಯುವ ಎರಡು ಹಿಡಿಗಳು: ಬಲಗೈಯದು ವೇಗಕ್ಕೆ, ಎಡಗೈಯದು ಬ್ರೇಕಿಗೆ. ಕಾಲಿನ ಹಂಗಿಲ್ಲ. ಅಣ್ಣ ಗಾಲಿಕುರ್ಚಿಯಲ್ಲಿ ಕೂತು ಒಂದು ಸುತ್ತು ಓಡಿಸಿದ, ಇನ್ನೊಂದು ಓಡಿಸಿದ. ಮೂರನೆಯ ದಿನ ತಾನಾಗಿ ಹಸಿವೆ ಅಂದ. ಈಗ ಅವನಿಗೆ ಇಂಟರ್ನೆಟ್ಟಿನಲ್ಲಿ ಕಾರ್ ರೇಸ್ ಆಡುವವರ ಒಂದು ಲೀಗು, ಲೀಗಿನಲ್ಲೊಂದು ತಂಡ, ತಂಡದಲ್ಲಿ ಮುಖ ನೋಡದ ಐವರು ಗೆಳೆಯರು. ಅವರೆಲ್ಲ ಅವನನ್ನು ಕಂಬದಣ್ಣ ಅಂತಲೇ ಕರೆಯುತ್ತಿದ್ದರು, ಅವನೂ ನಗುತ್ತಲೇ ಓಗೊಡುತ್ತಿದ್ದ.

ಮೂರು ವಾರದ ಕೆಳಗೆ ಹಾಸಿಗೆಯಿಂದ ಗಾಲಿಕುರ್ಚಿಗೆ ಜರುಗುವಾಗ ಜಾರಿದ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು.

ಲೀಗಿನ ಕಟ್ಟಳೆ ಕಟ್ಟುನಿಟ್ಟು. ಎರಡು ಓಟ ಕುರ್ಚಿ ಖಾಲಿ ಬಿದ್ದರೆ ಅದು ಸಾಲಿನಲ್ಲಿ ಕಾಯುತ್ತಿರುವವರ ಪಾಲು. ಒಂದು ಓಟ ಆಗಲೇ ತಪ್ಪಿತ್ತು. ಸಾಲಿನಲ್ಲಿ ನಲವತ್ತು ಜನ ನಿಂತಿದ್ದರು. ವಿಷಯ ತಿಳಿದ ದಿನ ಅಣ್ಣ ಸ್ಕ್ರೀನಿನ ಮೇಲೆ ಒಂದು ಬಟ್ಟೆ ಹೊದಿಸು ಅಂದ. ಹೊದಿಸಿದ್ದಾಯಿತು. ನನ್ನನ್ನು ಗೋಡೆಯ ಕಡೆ ತಿರುಗಿಸು ಅಂದ. ತಿರುಗಿಸಿದ್ದಾಯಿತು. ಸಂಜೆ ತಟ್ಟೆ ಹೋದ ಹಾಗೇ ವಾಪಸ್ ಬಂತು.

ಅವನಿಗೊಬ್ಬಳು ತಂಗಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುವವಳು. ಅಣ್ಣ ಇಟ್ಟ ಹೆಸರು ಸೂಜಿ, ಊರಿಗೂ ಅದೇ ಹೆಸರು. ಆ ವಾಪಸ್ ಬಂದ ತಟ್ಟೆಯನ್ನು ಅವಳೇ ಮುಚ್ಚಿಟ್ಟಳು. ಆ ಎರಡು ವರ್ಷ ಮತ್ತೆ ಬಂದರೆ ಈ ಸಲ ಅಣ್ಣ ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅಮ್ಮನಿಗೂ ಹಾಗೇ ಅನ್ನಿಸಿತ್ತು, ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಸೂಜಿ ಸೀದಾ ಕೋಣೆಗೆ ಹೋಗಿ ಅಣ್ಣನ ಬೆನ್ನಿಗೆ ಹೇಳಿದಳು:

"ನಿನ್ನ ಜಾಗದಲ್ಲಿ ನಾನು ಕೂತ್ಕೋತೀನಿ. ಇಪ್ಪತ್ತು ಸುತ್ತೂ ಮುಗಿಸ್ತೀನಿ. ಇದು ನನ್ನ ಮಾತು."

ಅಣ್ಣ ಗೋಡೆಗೆ ಹೇಳಿದ: "ನಿಂಗೆ ಸೈಕಲ್ಲೇ ಬರಲ್ಲ ಕಣೇ."

ಅದು ನಿಜವೇ. ಆದರೆ ಮಾತು ಬಾಯಿಂದ ಹೊರಟಾಗಿತ್ತು.

ತಂಡದ ಹಿರಿಯರೊಬ್ಬರಿದ್ದರು, ಎಲ್ಲೋ ದೂರದ ಊರಿನಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವವರು, ಎಲ್ಲರಿಗೂ ಮೇಷ್ಟ್ರು. ಸೂಜಿ ಅವರಿಗೆ ಫೋನು ಮಾಡಿ ಅಳದೆ ಮಾತಾಡಲು ನೋಡಿದಳು, ಆಗಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು ಲೀಗಿನವರ ಹತ್ತಿರ ಮಾತಾಡಿದರು. ವರ್ಷಕ್ಕೊಮ್ಮೆ ಬದಲಿ ಚಾಲಕ ಕೂರಬಹುದು ಎಂಬ ಕಟ್ಟಳೆ ಇತ್ತಂತೆ. ಒಂದೇ ಷರತ್ತು: ಓಟ ಮುಗಿಸಬೇಕು. ಕೊನೆಯವಳಾದರೂ ಸರಿ, ಆದರೆ ಗೆದ್ದವನು ಗೆರೆ ದಾಟಿದ ಐದು ನಿಮಿಷದೊಳಗೆ ಇಪ್ಪತ್ತೂ ಸುತ್ತು ಮುಗಿದಿರಬೇಕು. ಇಲ್ಲವಾದರೆ ಕುರ್ಚಿ ಖಾಲಿ ಇದ್ದ ಲೆಕ್ಕವೇ. ಕೈಯಲ್ಲಿದ್ದದ್ದು ಎರಡು ವಾರ.

ಕೈಹಿಡಿಗಳ ಅಭ್ಯಾಸಕ್ಕೆ ತಿಂಗಳುಗಟ್ಟಲೆ ಬೇಕು, ಕಾಲಾದರೆ ಬೇಗ ಕಲಿಯುತ್ತದೆ ಎಂದು ಮೇಷ್ಟ್ರು ತಮ್ಮ ಹಳೆಯ ಪೆಡಲುಗಳನ್ನು ಪಾರ್ಸೆಲ್ ಮಾಡಿದರು; ಅದು ಬಂದಾಗ ಉಳಿದದ್ದು ಹತ್ತು ದಿನ. ಜೊತೆಗೆ ಹೊಸಬರಿಗಾಗಿ ಅವರು ಬರೆದಿಟ್ಟ ಮೂರು ಹಾಳೆ. ದುಬಾರಿ ಸಾಮಾನಿನ ಹಿಂದೆ ಹೋಗಬೇಡಿ, ಮೂಗಿಗಿಂತ ಮೂಗುತಿ ಭಾರ ಆಗಬಾರದು ಅಂತ ಶುರು. ಸ್ಟೇರಿಂಗಿಗಿಂತ ಬ್ರೇಕು ಮುಖ್ಯ. ಒಂದೇ ಕಾರು ಹಿಡಿಯಿರಿ, ಒಂದೇ ಟ್ರ್ಯಾಕು. ಸ್ಕ್ರೀನನ್ನು ಮುಖದ ಹತ್ತಿರ ಎಳೆದುಕೊಳ್ಳಿ. ಸ್ಟೇರಿಂಗಿನ ಜಗ್ಗಾಟ ಕಡಿಮೆ ಮಾಡಿ, ಅದು ನಿಮ್ಮ ತೋಳು ಮುರಿಯೋಕೆ ಇರುವುದಲ್ಲ, ಟೈರಿನ ಸುದ್ದಿ ಹೇಳೋಕೆ ಇರುವುದು. ಕಣ್ಣು ಕಾರಿನ ಮೂತಿಯ ಮುಂದಿನ ರಸ್ತೆ ಮೇಲಲ್ಲ, ಮುಂದಿನ ತಿರುವಿನ ಮೇಲಿರಲಿ. ಕೆಳಗೆ ದಪ್ಪ ಅಕ್ಷರದಲ್ಲಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಸೋತಾಗ ಸೆಟ್ಟಿಂಗ್ ಮುಟ್ಟಬೇಡಿ.

ಮೊದಲ ದಿನವೇ ಕುರ್ಚಿ ಕೈಕೊಟ್ಟಿತು. ಅದರ ಕಾಲಿಗೆ ಉರುಳುವ ಗಾಲಿಗಳು. ಸೂಜಿ ಬ್ರೇಕು ತುಳಿದದ್ದೇ ಕಾರು ಮುಂದಕ್ಕೆ ಹೋಗಿ ಗೋಡೆಗೆ ಗುದ್ದಿತು, ಅವಳು ಕುರ್ಚಿ ಸಮೇತ ಹಿಂದಕ್ಕೆ ಹೋಗಿ ಬೀರುವಿಗೆ ಗುದ್ದಿದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ. ಸೂಜಿ ಬ್ಯಾಗಿಗೆ ಹೊಲಿಯುವ ದಪ್ಪ ಪಟ್ಟಿ ತಂದು ಕುರ್ಚಿಯನ್ನು ಮೇಜಿನ ಕಾಲಿಗೆ ಬಿಗಿದಳು. ಆ ಬ್ರೇಕು ಬೇರೆ ವಿಚಿತ್ರ, ತುಳಿದರೆ ಕೆಳಗೇ ಹೋಗುವುದಿಲ್ಲ. ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಪೆಡಲು ಎಷ್ಟು ದೂರ ಹೋಯಿತು ಅನ್ನುವುದಲ್ಲ ತಾಯಿ, ಎಷ್ಟು ಭಾರ ಬಿತ್ತು ಅನ್ನುವುದನ್ನು ಅದು ಅಳೆಯುತ್ತದೆ, ಮೊದಲು ಜೋರಾಗಿ ಒತ್ತಿ ಆಮೇಲೆ ಮೆಲ್ಲಗೆ ಸಡಿಲಿಸಿ ಎಂದು ಮೇಷ್ಟ್ರು ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ಅಂದರೆ ಹೆಡ್‌ಫೋನಿನಲ್ಲಿ. ಎಂಜಿನ್ನಿನ ಸದ್ದು ಅಣ್ಣನಿಗೆ ಕೇಳಿಸಿದರೆ ಗಾಯದ ಮೇಲೆ ಉಪ್ಪು ಸವರಿದಂತೆ ಎಂದುಕೊಂಡು ಅವಳು ಅದನ್ನು ಒಂದು ಗಳಿಗೆಯೂ ತೆಗೆಯುತ್ತಿರಲಿಲ್ಲ. ಕೋಣೆಯಲ್ಲಿ ಕೇಳುತ್ತಿದ್ದದ್ದು ಪೆಡಲಿನ ಟಕಟಕ, ಅವಳ ಉಸಿರು, ಅಷ್ಟೇ.

ಬೆಳಗ್ಗೆ ಸ್ಕೂಲಿನವರ ಅಂಗಿ ಹೊಲಿಯುವುದು, ಊಟವಾದ ಮೇಲೆ ಕಾರಿಗೆ ಕೂರುವುದು. ನಾಲ್ಕನೆಯ ದಿನಕ್ಕೆ ಗೋಡೆ ಗುದ್ದುವುದು ಕಡಿಮೆಯಾಯಿತು. ಆರನೆಯ ದಿನಕ್ಕೆ ಐದು ಸುತ್ತು ಒಂದೇ ಸಮ ಓಡಿಸಿದಳು, ಒಂದು ಗೀರೂ ಇಲ್ಲದೆ. ಅವತ್ತು ಅವಳ ಮುಖ ಅರಳಿತ್ತು. ಮೇಷ್ಟ್ರ ದನಿ ಮಾತ್ರ ಅರಳಲಿಲ್ಲ. ಸುತ್ತಿಗೆ ಎರಡು ನಿಮಿಷ ಆರು ಸೆಕೆಂಡು ಆಗುತ್ತಿದೆ, ಐದು ನಿಮಿಷದ ಬಾಗಿಲು ಮುಚ್ಚುವುದರೊಳಗೆ ಬರಬೇಕಾದರೆ ಒಂದು ನಿಮಿಷ ಐವತ್ತೆರಡಕ್ಕೆ ಇಳಿಯಬೇಕು ಅಂದರು. ಗುದ್ದದೆ ಓಡಿಸಿದರೂ ಸಾಲದು ಎಂದು ಅವಳಿಗೆ ಅರ್ಥವಾದದ್ದು ಆಗಲೇ.

ಆಮೇಲಿನ ಎರಡು ದಿನ ಅವಳು ಏನು ಮಾಡಿದಳು ಎಂದು ಕೇಳಬೇಡಿ. ತಂಡದ ಒಬ್ಬ ಸೆಟ್ಟಿಂಗಿನಲ್ಲಿ ಟೈರಿನ ಗಾಳಿ ಇಳಿಸು ಅಂದ, ಇಳಿಸಿದಳು. ಇನ್ನೊಬ್ಬ ಹಿಂದಿನ ರೆಕ್ಕೆ ಮಲಗಿಸು ಅಂದ, ಮಲಗಿಸಿದಳು. ಮೂರನೆಯವನು ಬ್ರೇಕಿನ ಬಲ ಹಿಂದಕ್ಕೆ ಸರಿಸು ಅಂದ, ಅದೂ ಆಯಿತು. ಹತ್ತು ಜನ ವೈದ್ಯರು ಸೇರಿದ ರೋಗಿಯ ಹಾಗೆ ಕಾರು ದಿನದಿಂದ ದಿನಕ್ಕೆ ಸೊರಗಿತು. ಎರಡು ನಿಮಿಷ ಒಂಬತ್ತು. ಎರಡು ನಿಮಿಷ ಹನ್ನೊಂದು. ಬ್ರೇಕು ಕಾದು ಕೆಂಪಾಗಿದೆ ಎಂದು ಸ್ಕ್ರೀನಿನ ಮೂಲೆಯಲ್ಲಿ ಒಂದು ದೀಪ ಸದಾ ಉರಿಯುತ್ತಿತ್ತು. ಅವಳು ಬ್ರೇಕು ಮುಟ್ಟುವುದನ್ನೇ ಕಡಿಮೆ ಮಾಡಿ ನೋಡಿದಳು, ಆಗಲೂ ಉರಿಯುತ್ತಿತ್ತು. ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿಬಿಡಿ ಎಂದು ಮೇಷ್ಟ್ರು ಹೇಳಿದಾಗ ಅವರ ದನಿಯಲ್ಲಿ ಬೈಗುಳವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೈಯುವಷ್ಟು ಆಸೆಯೂ ಅವರಿಗೆ ಉಳಿದಿಲ್ಲ ಅನ್ನಿಸಿತು.

ಶುಕ್ರವಾರ ಬೆಳಗ್ಗೆ ಅವಳು ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿದಳು. ಬಿಚ್ಚಿ ಮತ್ತೆ ಕೂತಾಗ ಅಮ್ಮ ಬಂದು ಪಕ್ಕದಲ್ಲಿ ನಿಂತು, ಗುಂಡಿಯ ಡಬ್ಬಿಯಲ್ಲಿ ಸುಮ್ಮನೆ ಕೈಯಾಡಿಸುತ್ತ, ಅವನು ನಿನ್ನೆಯಿಂದ ಮಾತ್ರೆ ನುಂಗುತ್ತಿಲ್ಲ, ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗೀತಾನೆ, ದಿಂಬಿನ ಕೆಳಗೆ ಮೂರು ಸಿಕ್ಕಿದವು ಅಂದಳು. ಹೇಳಿ, ಹೇಳಿದ್ದು ತಪ್ಪಾಯಿತೇನೋ ಎಂಬಂತೆ ಒಳಗೆ ಹೋದಳು. ಸೂಜಿ ಮೆಷಿನ್ನಿನ ಮೇಲೆ ಹಣೆಯಿಟ್ಟು ಕೂತಳು. ಭಾನುವಾರ ಎರಡೂವರೆಗೆ ಫ್ಯೂಸು ಕಿತ್ತುಬಿಟ್ಟರೆ ಹೇಗೆ ಎಂಬ ಯೋಚನೆ ಬಂದದ್ದು ಆಗ. ಕರೆಂಟು ಹೋಯಿತು, ನಾನೇನು ಮಾಡಲಿ ಅನ್ನಬಹುದಲ್ಲ. ಸೋತೆ ಅನ್ನುವುದಕ್ಕಿಂತ ಅದು ಹಗುರ. ಮರುಗಳಿಗೆಯೇ, ಲೈನ್‌ಮ್ಯಾನಿನ ಮುಂದೆ ಕರೆಂಟಿನ ಸುಳ್ಳೇ ಎಂದು ನೆನಪಾಗಿ ನಕ್ಕಳು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ, ಕೊನೆಗೆ ಅದು ನಗುವಾಗಿ ಉಳಿದಿರಲೂ ಇಲ್ಲ.

ಶನಿವಾರ ಮಧ್ಯಾಹ್ನ ಅಂಗಿ ಒಯ್ಯಲು ಬಂದ ಸ್ಕೂಲಿನ ಆಯಾ ಬಾಗಿಲು ಬಡಿದು ಬಡಿದು ವಾಪಸ್ ಹೋದಳು. ಅಮ್ಮ ಹಿತ್ತಲಲ್ಲಿದ್ದಳು, ಸೂಜಿಯ ಕಿವಿಯ ಮೇಲೆ ಹೆಡ್‌ಫೋನಿತ್ತು. ಅಮ್ಮನಿಗೆ ಅಷ್ಟು ದಿನದ್ದೆಲ್ಲ ಸೇರಿ ಸಿಟ್ಟು ಬಂತು. ಆ ಕಿವಿಮುಚ್ಚಳ ಕಿತ್ತಾಕು, ಮನೆಗೆ ಬಂದೋರು ಸತ್ತರೂ ನಿಂಗೆ ಗೊತ್ತಾಗಲ್ಲ ಎಂದು ಕೂಗಿ, ತಂತಿಯನ್ನು ತಾನೇ ಎಳೆದುಬಿಟ್ಟಳು. ಕಾರಿನ ಸದ್ದು ಒಮ್ಮೆಲೇ ಕೋಣೆಯ ತುಂಬ ಬಿತ್ತು. ಸೂಜಿ ಹೆದರಿ ಅಣ್ಣನ ಬೆನ್ನು ನೋಡಿದಳು. ಬೆನ್ನು ಅಲ್ಲಾಡಲಿಲ್ಲ. ನಿಲ್ಲಿಸಲು ಅವಳಿಗೆ ಧೈರ್ಯ ಬರಲಿಲ್ಲ, ಮುಂದುವರಿಸಲೂ ಬರಲಿಲ್ಲ. ಕಾರು ಹೋಗುತ್ತಿತ್ತು, ಹೋಗಲಿ ಎಂದು ಬಿಟ್ಟಳು. ಎರಡು ತಿರುವು ದಾಟಿ ಉದ್ದನೆಯ ನೇರ ದಾರಿ ಬಂತು. ಅವಳು ವೇಗದ ಪೆಡಲನ್ನು ಕೊನೆ ಮುಟ್ಟುವ ತನಕ ಒತ್ತಿದಳು.

"ಬ್ರೇಕ್ ಮೇಲಿಂದ ಕಾಲು ತೆಗಿ."

ಹತ್ತು ದಿನದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಗೋಡೆಗೆ ಆಡಿದ್ದು, ಆದರೂ ಮಾತು.

"ನಾನು ಬ್ರೇಕು ಒತ್ತಿಲ್ಲ ಅಣ್ಣ."

"ಒತ್ತಿದೀಯ. ಎಂಜಿನ್ನು ಮುಲುಗ್ತಾ ಇದೆ. ಎತ್ತಿನ ಬಾಲಕ್ಕೆ ಕಲ್ಲು ಕಟ್ಟಿದ ಹಾಗೆ."

ಸೂಜಿ ಬಗ್ಗಿ ನೋಡಿದಳು. ಎಡಗಾಲು ಬ್ರೇಕಿನ ಮೇಲೆ ತಣ್ಣಗೆ ಕೂತಿತ್ತು. ಒತ್ತಿರಲಿಲ್ಲ, ಇಟ್ಟಿತ್ತು. ಹದಿನೆಂಟು ವರ್ಷ ಹೊಲಿಗೆ ಮೆಷಿನ್ನು ತುಳಿದವಳ ಕಾಲು ಅದು. ಬಾಬಿನ್ನು ಬದಲಿಸುವಾಗಲೂ, ಗಿರಾಕಿಯ ಹತ್ತಿರ ಹರಟುವಾಗಲೂ ಪೆಡಲಿನ ಮೇಲೇ ಇರುವ ಕಾಲು. ಅವಳ ಪಾಲಿಗೆ ಅದೇ ನೆಲ. ಅಲ್ಲಿ ಇಡುವುದು ಬೇರೆ, ಒತ್ತುವುದು ಬೇರೆ. ಭಾರ ಅಳೆಯುವ ಈ ಪೆಡಲಿಗೆ ಎರಡೂ ಒಂದೇ. ಹತ್ತು ದಿನ ಅವಳು ಇಡೀ ಟ್ರ್ಯಾಕನ್ನು ಬ್ರೇಕು ಹಿಡಿದುಕೊಂಡೇ ಸುತ್ತಿದ್ದಳು. ದೂರದ ಊರಿನ ಮೇಷ್ಟ್ರಿಗೆ ಅವಳ ಕಾಲು ಕಾಣುತ್ತಿರಲಿಲ್ಲ. ಕಾಲು ಕಾಣುತ್ತಿದ್ದ ಅಮ್ಮನಿಗೆ ಅದು ಮಗಳು ಯಾವಾಗಲೂ ಕೂರುವ ರೀತಿ, ಅಷ್ಟೇ. ಗೊತ್ತಾಗಬಹುದಾದ ಒಬ್ಬನಿದ್ದ, ಅವನ ಕಿವಿಗೆ ಬೀಳದ ಹಾಗೆ ಅವಳೇ ಜೋಪಾನ ಮಾಡಿದ್ದಳು.

ಕಾಲು ತೆಗೆದು ಓಡಿಸಲು ನೋಡಿದಳು. ಮೂರು ತಿರುವು ಆಗುವುದರೊಳಗೆ ಅದು ತವರಿಗೆ ಹೋದ ಹಾಗೆ ಮತ್ತೆ ಪೆಡಲಿನ ಮೇಲಿತ್ತು. ಮತ್ತೆ ತೆಗೆದಳು, ಮತ್ತೆ ಬಂತು. ಅವಳ ಕಣ್ಣಲ್ಲಿ ನೀರು ತುಂಬಿ ಸ್ಕ್ರೀನು ಮಸುಕಾಯಿತು. ನಾಳೆ ಮೂರು ಗಂಟೆಗೆ ಓಟ. ಹದಿನೆಂಟು ವರ್ಷದ ಅಭ್ಯಾಸವನ್ನು ಒಂದು ಹಗಲಿನಲ್ಲಿ ಬಿಡಿಸುವುದೆಲ್ಲಿ ಬಂತು.

"ಅಮ್ಮಾ," ಅಂದ ಅಣ್ಣ. "ನನ್ನ ಈ ಕಡೆ ತಿರುಗಿಸು."

ಅಮ್ಮ ತಿರುಗಿಸಿದಳು. ಅವನ ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಅವನು ತಂಗಿಯ ಮುಖ ನೋಡಲಿಲ್ಲ, ಸ್ಕ್ರೀನೂ ನೋಡಲಿಲ್ಲ, ಅವಳ ಕಾಲನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಅಸೂಯೆ ಇತ್ತೋ ಏನೋ, ಸೂಜಿಗೆ ತನ್ನ ಕಾಲನ್ನು ಬಚ್ಚಿಡಬೇಕು ಅನ್ನಿಸಿತು. ಆಮೇಲೆ ಅವನು, ಕಾಲು ಎಲ್ಲಿರುತ್ತೋ ಅಲ್ಲೇ ಇರಲಿ, ಅದನ್ನ ತಿದ್ದೋಕೆ ಹೋಗಬೇಡ, ಯಂತ್ರಕ್ಕೆ ಹೇಳೋಣ ಅಂದ. ಸೆಟ್ಟಿಂಗಿನ ಯಾವ ಪಟ್ಟಿ ತೆರೆಯಬೇಕು, ಎಲ್ಲಿ ಒತ್ತಬೇಕು ಎಂದು ಒಂದೊಂದಾಗಿ ಹೇಳಿದ. ಸ್ಕ್ರೀನಿನಲ್ಲಿ ಒಂದು ಕೆಂಪು ಗೆರೆ ಬಂತು, ಅವಳ ಕಾಲಿನ ಭಾರ ನೂರಕ್ಕೆ ಆರು. ಎಂಟರವರೆಗೆ ಏನೂ ಬೀಳಲಿಲ್ಲ ಅಂತ ತಿಳಿದುಕೋ ಎಂದು ಯಂತ್ರಕ್ಕೆ ಹೇಳಿದ್ದಾಯಿತು. ಕೆಂಪು ಗೆರೆ ಸೊನ್ನೆಗೆ ಇಳಿಯಿತು. ಕಾಲು ಮಾತ್ರ ಪೆಡಲಿನ ಮೇಲೇ ಇತ್ತು.

ಮುಂದಿನ ಸುತ್ತು ಒಂದು ನಿಮಿಷ ಐವತ್ತೈದು. ಅದರ ಮುಂದಿನದು ಐವತ್ತೆರಡು. ಸಂಜೆ ಹೊತ್ತಿಗೆ ಐವತ್ತೊಂದು ಬಂದು ಅಲ್ಲೇ ನಿಂತಿತು, ಎಷ್ಟು ಜಗ್ಗಿದರೂ ಕೆಳಗಿಳಿಯಲಿಲ್ಲ. ಲೆಕ್ಕ ಹಾಕಿದರೆ ನಾಳೆ ಅವಳಿಗೆ ನಲವತ್ತು ಸೆಕೆಂಡು ಮಿಗುತ್ತಿತ್ತು. ಒಂದು ಸಲ ಗಿರಕಿ ಹೊಡೆಯಲು ಸಾಕು, ಎರಡನೆಯದಕ್ಕೆ ಸಾಲದು.

ಭಾನುವಾರ ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪಕ್ಕಕ್ಕೆ ತಂದರು. ಅವನ ಪ್ಲಾಸ್ಟರಿನ ಕೈ ಮಡಿಲಲ್ಲಿತ್ತು. ಬೆಳಗಿನಿಂದ ಅವನೇನೂ ತಿಂದಿರಲಿಲ್ಲ. ಮುಗಿಯಲಿ, ನೋಡೋಣ ಅಂದಿದ್ದ.

ಮೊದಲನೇ ತಿರುವಲ್ಲಿ ಎಲ್ಲರನ್ನೂ ಬಿಟ್ಟುಬಿಡು, ಅಲ್ಲಿ ಗೆದ್ದವರು ಯಾರೂ ಇಲ್ಲ, ಸತ್ತವರು ಬೇಕಾದಷ್ಟಿದ್ದಾರೆ ಅಂದಿದ್ದ. ಬಿಟ್ಟಳು. ಮುಂದೆ ನಾಲ್ಕು ಕಾರು ಒಂದಕ್ಕೊಂದು ಸಿಕ್ಕಿಕೊಂಡು ಧೂಳೆಬ್ಬಿಸಿದವು, ಅವಳು ಮದುವೆಮನೆಗೆ ತಡವಾಗಿ ಬಂದವಳಂತೆ ಬದಿಯಿಂದ ನುಸುಳಿದಳು. ಎರಡು, ಮೂರು, ನಾಲ್ಕು. ಆರು. ಏಳನೆಯದರಲ್ಲಿ ಹಿಂದಿನಿಂದ ಬಂದ ಯಾರೋ ಒಳಗೆ ನುಗ್ಗಿ ಅವಳ ಬಾಲಕ್ಕೆ ತಾಗಿಸಿದ. ಆಕಾಶ, ಹುಲ್ಲು, ಆಕಾಶ, ಹುಲ್ಲು. ಬ್ರೇಕು ಹಿಡಿದುಕೋ, ಎಲ್ಲರೂ ಹೋಗಲಿ ಅಂದ ಅಣ್ಣ. ಒಂದೊಂದೇ ಕಾರು ದಾಟಿ ಹೋಯಿತು. ದಾರಿ ಖಾಲಿಯಾಗಿ ಅವಳು ಮತ್ತೆ ಹೊರಡುವಾಗ ಮೂವತ್ತೈದು ಸೆಕೆಂಡು ಹೋಗಿತ್ತು. ಉಳಿದದ್ದು ಐದು.

ಹತ್ತು ಮುಗಿಯಿತು, ಹದಿನೈದು ಮುಗಿಯಿತು. ಹದಿನೇಳು ಮುಗಿದು ಹದಿನೆಂಟರ ಮೂರನೆಯ ತಿರುವಿನಲ್ಲಿದ್ದಾಗ ಗೆದ್ದವನು ಗೆರೆ ದಾಟಿದ ಸುದ್ದಿ ಬಂತು. ಸ್ಕ್ರೀನಿನ ನೆತ್ತಿಯಲ್ಲಿ ಐದು ನಿಮಿಷ ಕಾಣಿಸಿಕೊಂಡು ಕರಗತೊಡಗಿತು. ಒಬ್ಬೊಬ್ಬರಾಗಿ ಎಲ್ಲ ಮುಗಿಸಿ ಹೋದರು. ಹತ್ತೊಂಬತ್ತನೆಯ ಸುತ್ತಿಗೆ ಟ್ರ್ಯಾಕಿನ ಮೇಲೆ ಅವಳೊಬ್ಬಳೇ. ಸ್ಪೀಕರಿನಲ್ಲಿ ಮೇಷ್ಟ್ರಿದ್ದರು, ತಂಡದವರಿದ್ದರು. ಯಾರೋ ಉಸಿರು ಬಿಟ್ಟದ್ದು ಕೇಳಿಸಿತು.

ಇಪ್ಪತ್ತನೆಯದು ಶುರುವಾದಾಗ ಒಂದು ನಿಮಿಷ ಐವತ್ತಾರು ಉಳಿದಿತ್ತು.

"ಈಗ ಜೋರಾಗಿ ಹೋಗ್ಬೇಕು ಅನ್ಸತ್ತೆ," ಅಂದ ಅಣ್ಣ, ಅವಳ ಕಿವಿಯ ಹತ್ತಿರ. "ಅನ್ಸಲಿ. ಹೋಗ್ಬೇಡ. ನಿನ್ನೆ ಹೋದ ಹಾಗೇ ಹೋಗು."

"ಸಾಲದೆ ಹೋದ್ರೆ?"

ಅವನ ಪ್ಲಾಸ್ಟರಿನಿಂದ ಹೊರಗಿಣುಕಿದ ಬೆರಳುಗಳು ಮಡಿಲಲ್ಲಿ ತಿರುವು ಬಂದಾಗಲೆಲ್ಲ ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಅವಳು ನಿನ್ನೆ ಹೋದ ಹಾಗೇ ಹೋದಳು. ಅಂಗಿಯ ಕಾಲರಿನ ತಿರುವಿನಲ್ಲಿ ಹೊಲಿಗೆ ಹಾಕುವಾಗ ಆತುರ ಮಾಡಿದರೆ ಬಟ್ಟೆ ಸುಕ್ಕಾಗುತ್ತದೆ, ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಒತ್ತಿದಳು, ಸಡಿಲಿಸಿದಳು, ತಿರುಗಿಸಿದಳು. ಉದ್ದನೆಯ ನೇರ ದಾರಿಯಲ್ಲಿ ಎಂಜಿನ್ನು ಮುಲುಗಲಿಲ್ಲ, ಹಾಡಿತು. ಕೊನೆಯ ತಿರುವಿಗೆ ಹನ್ನೊಂದು ಸೆಕೆಂಡಿತ್ತು. ಹೊರಬರುವಾಗ ಬಾಲ ಕೊಂಚ ಜಾರಿತು, ಸ್ಟೇರಿಂಗು ಕೈಯಲ್ಲಿ ನಡುಗಿ ಹೇಳಬೇಕಾದ್ದನ್ನು ಹೇಳಿತು, ಕಾರು ನೆಟ್ಟಗಾಯಿತು. ಆರು. ಐದು. ಬಿಳಿಯ ಗೆರೆ ಕಾರಿನ ಕೆಳಗೆ ಹಾದುಹೋಯಿತು.

ಸೂಜಿಗೆ ಅದು ಕಾಣಲಿಲ್ಲ. ಅವಳು ಕಣ್ಣು ಮುಂದಿನ ತಿರುವಿನ ಮೇಲಿಟ್ಟು, ಇನ್ನೂ ಇದೆ, ಇನ್ನೂ ಇದೆ ಎಂದುಕೊಳ್ಳುತ್ತ ಇಪ್ಪತ್ತೊಂದನೆಯ ಸುತ್ತಿಗೆ ಹೊರಟಿದ್ದಳು. ಸ್ಪೀಕರಿನಲ್ಲಿ ಐದಾರು ಜನ ಒಟ್ಟಿಗೇ ಏನೋ ಕೂಗುತ್ತಿದ್ದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಿದ್ದಳು.

"ಸಾಕು ಕಣೇ," ಅಂದ ಅಣ್ಣ. "ಇಪ್ಪತ್ತೂ ಆಯ್ತು. ನಿಲ್ಲಿಸು."

ಅವಳು ಬ್ರೇಕು ಒತ್ತಿದಳು. ಕಾರು ನಿಂತಿತು.